ಮಂಡ್ಯದ ಮನೆಯಲ್ಲಿ 61 ಸಾವಿರದ ಗೇಮಿಂಗ್ ಪಿಸಿ: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಪಿಸಿ ನನಗೆ ತುಂಬಾ ಇಷ್ಟ. 2023ರ ಶುರುವಿನಲ್ಲಿ ಜೋಡಿಸಿದ್ದು. ಸಂಜೆ ನಾನು ಆಡುತ್ತೇನೆ, ರಾತ್ರಿ ನನ್ನ ತಮ್ಮ ಇದರಲ್ಲೇ ಇಂಜಿನಿಯರಿಂಗ್ ಪ್ರಾಜೆಕ್ಟ್ ಮಾಡುತ್ತಾನೆ. ದಿನಾ ಓಡುವ ಸಿಸ್ಟಮ್ ಇದು.

ಕಡಿಮೆ ಬಜೆಟ್‌ನಲ್ಲಿ ಪಾರ್ಟ್ ಆರಿಸುವ ಬಗ್ಗೆ ಯಾರನ್ನು ಕೇಳಿದರೂ ಮಾತು ಪ್ರೊಸೆಸರ್‌ನಿಂದ ಶುರುವಾಗುತ್ತದೆ. ಮಂಡ್ಯದಂಥ ಊರಲ್ಲಿ ಅದು ಗೋಡೆಯ ಪ್ಲಗ್‌ನಿಂದ ಶುರುವಾಗಬೇಕು ಅನ್ನೋದು ನನ್ನ ಅಭಿಪ್ರಾಯ. ಕರೆಂಟ್ ಹೇಗೆ ಬರುತ್ತದೆ, ಹೋದರೆ ಏನು ಗತಿ, ಬಿಲ್ ಎಷ್ಟು ಬರುತ್ತದೆ, ಇವನ್ನು ನೋಡಿಕೊಂಡು ಆಮೇಲೆ ಗ್ರಾಫಿಕ್ಸ್ ಕಾರ್ಡ್ ಕಡೆ ಹೋಗಬೇಕು.

ನಾನು ತೆಗೆದುಕೊಂಡದ್ದು ಇಷ್ಟು. ರೈಜನ್ 5 5600 ಪ್ರೊಸೆಸರ್ 13,500 ರೂಪಾಯಿ. ಬಿ550 ಮದರ್‌ಬೋರ್ಡ್ 9,000. ಡಿಡಿಆರ್4 3200 ರ‍್ಯಾಮ್, 8 ಜಿಬಿಯ ಎರಡು ಕಡ್ಡಿ, 3,800. ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡ್ 22,500. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 5,000. ಕಾರ್ಸೇರ್ ಸಿಎಕ್ಸ್550 ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬಿ) 4,300. ಮುಂದೆ ಜಾಲರಿ ಇರುವ ಕ್ಯಾಬಿನೆಟ್ 3,200. ಒಟ್ಟು 61,300, ಶೇ. 18 ಜಿಎಸ್‌ಟಿ ಸೇರಿ. 1080ಪಿ ಮಾನಿಟರ್ ಬೇರೆ ಲೆಕ್ಕ.

ಇದನ್ನೆಲ್ಲ ಒಂದೇ ಕಡೆ ಕೊಂಡಿದ್ದಲ್ಲ. ಸ್ವಲ್ಪ ಮೈಸೂರು, ಸ್ವಲ್ಪ ಬೆಂಗಳೂರಿನ ಎಸ್.ಪಿ. ರೋಡ್, ಉಳಿದದ್ದು ಆನ್‌ಲೈನ್. ಹುಡುಕುವಾಗ ಒಂದು ಅಂಗಡಿಯವರು ಇದರಲ್ಲಿ ಅರ್ಧ ದುಡ್ಡಿಗೆ ರೆಡಿ ಸೆಟ್ ತೋರಿಸಿದ್ದರು. ಚೀಟಿಯಲ್ಲಿ ‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಅಂತ ಇತ್ತು. ಓದಲು ಚೆನ್ನಾಗಿದೆ, ಅಲ್ವಾ? ಬಿಚ್ಚಿ ನೋಡಿದರೆ ಒಳಗಿದ್ದದ್ದು ಐ7 3770, ಅಂದರೆ 2012ರ ಪ್ರೊಸೆಸರ್. ಕಾರ್ಡ್ ಜಿಟಿ 730, ಅದು 2014ರದ್ದು. ಆ ಕಾರ್ಡ್‌ಗೆ 4 ಜಿಬಿ ಮೆಮೊರಿ ಅಂಟಿಸಿದ ಮಾತ್ರಕ್ಕೆ ಗೇಮ್ ಓಡುವುದಿಲ್ಲ. ನಮ್ಮ ಊರಿನ ಎಷ್ಟೋ ಹುಡುಗರು ಅಪ್ಪ ಅಮ್ಮನನ್ನು ಕಾಡಿ ಬೇಡಿ ತಂದ ದುಡ್ಡನ್ನು ಇಂಥ ಸೆಟ್‌ಗೆ ಹಾಕುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಬರೀ ‘ಐ7’ ಅಂತ ಕೇಳಬೇಡಿ. ಅದರ ಮುಂದಿನ ಪೂರ್ತಿ ನಂಬರ್ ಬರೆಸಿಕೊಳ್ಳಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇಲ್ಲದೆ ಅಂಗಡಿಯಿಂದ ಹೊರಗೆ ಬರಬೇಡಿ.

ಈಗ ಎಸ್‌ಎಂಪಿಎಸ್. ಬಜೆಟ್ ಸಾಲದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಇದಕ್ಕೇ. ಕ್ಯಾಬಿನೆಟ್ ಜೊತೆ ಫ್ರೀ ಬರುವ, ಮೇಲೆ ‘450 ವ್ಯಾಟ್’ ಅಂತ ಸ್ಟಿಕ್ಕರ್ ಹಚ್ಚಿದ ಡಬ್ಬಿ ಇರುತ್ತದಲ್ಲ, ಅದನ್ನೇ ಹಾಕಿಸಿಕೊಳ್ಳುತ್ತಾರೆ. ನನಗೂ ಒಬ್ಬರು ಹೇಳಿದ್ದರು, “ಸರ್, ಎಸ್‌ಎಂಪಿಎಸ್ ಯಾವುದಾದ್ರೇನು? ಆ ದುಡ್ಡು ಕಾರ್ಡ್‌ಗೆ ಹಾಕಿ.” ನಾನು ಒಪ್ಪಲಿಲ್ಲ. ಒಪ್ಪದಿದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಮೂರು ಮಳೆಗಾಲ ತೋರಿಸಿವೆ. ಗುಡುಗು ಶುರುವಾದರೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು ಮಾಮೂಲಿ.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಕರೆಂಟ್ ಹೋದ ಕ್ಷಣಕ್ಕೆ ಮನೆಯ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಪಿಸಿಯನ್ನು ಹಿಡಿದು ನಿಲ್ಲಿಸುವುದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್. ಎಟಿಎಕ್ಸ್ ಅನ್ನುವ ಪಿಸಿ ಪಾರ್ಟ್‌ಗಳ ನಿಯಮ ಪಾಲಿಸುವ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆಯಬೇಕು. ಲೋಡ್ ಕಡಿಮೆ ಇದ್ದಷ್ಟೂ ಜಾಸ್ತಿ ಹೊತ್ತು ತಡೆಯುತ್ತದೆ. ಅಗ್ಗದ ಡಬ್ಬಿಯಲ್ಲಿ ಆ ಕೆಪಾಸಿಟರ್ ಚಿಕ್ಕದು. ಹಾಗಾಗಿ ಇನ್ವರ್ಟರ್ ಇದ್ದರೂ ಪಿಸಿ ರೀಸ್ಟಾರ್ಟ್ ಆಗುತ್ತದೆ. ನನ್ನ ಸಿಸ್ಟಮ್ ಆಟದ ಹೊತ್ತಲ್ಲಿ 230 ವ್ಯಾಟ್ ಹತ್ತಿರ ಎಳೆಯುತ್ತದೆ. 550ರ ಎಸ್‌ಎಂಪಿಎಸ್‌ಗೆ ಅದು ಅರ್ಧ ಲೋಡ್ ಕೂಡ ಅಲ್ಲ.

ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಕೆಲವದರಲ್ಲಿ ‘ಯುಪಿಎಸ್’, ‘ನಾರ್ಮಲ್’ ಅಂತ, ಇನ್ನು ಕೆಲವದರಲ್ಲಿ ‘ಯುಪಿಎಸ್’, ‘ಇಕೋ’ ಅಂತ ಬರೆದಿರುತ್ತಾರೆ. ಪಿಸಿ ಇರುವ ಮನೆಯಲ್ಲಿ ಅದು ಯುಪಿಎಸ್ ಕಡೆಗೇ ಇರಬೇಕು. ಆಗ ಬೇಗ ಬದಲಾಗುತ್ತದೆ, ವೋಲ್ಟೇಜ್ ತೀರಾ ಇಳಿದಾಗ ಮೊದಲೇ ಬ್ಯಾಟರಿಗೆ ಹೋಗುತ್ತದೆ. ಇನ್ವರ್ಟರ್ ಕೂಡ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು) ಆಗಿದ್ದರೆ ಒಳ್ಳೆಯದು. ಇವತ್ತಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ, ಅಂದರೆ ಕರೆಂಟನ್ನು ಅಲೆಗೆ ತಕ್ಕಂತೆ ಎಳೆಯುವ ಸರ್ಕ್ಯೂಟ್, ಇರುತ್ತದೆ. ಸ್ಕ್ವೇರ್ ವೇವ್ ಕೊಟ್ಟರೆ ಕೆಲವು ಗುಂಯ್ ಅನ್ನುತ್ತವೆ, ಕೆಲವು ಆಫ್ ಆಗಿಬಿಡುತ್ತವೆ. ನಮ್ಮ ಮನೆಯದು ಪ್ಯೂರ್ ಸೈನ್ ವೇವ್, 150 ಎಎಚ್ ಬ್ಯಾಟರಿ. ಕರೆಂಟ್ ಹೋದರೆ ಗೇಮ್ ಸೇವ್ ಮಾಡಿ ಪಿಸಿ ಆಫ್ ಮಾಡುತ್ತೇವೆ. ರಾತ್ರಿ ಅಮ್ಮನ ರೂಮಿನ ಫ್ಯಾನ್ ಓಡಬೇಕಲ್ಲ, ಬ್ಯಾಟರಿ ಅದಕ್ಕೆ. ಇನ್ವರ್ಟರ್ ಇಲ್ಲದವರಿಗೆ 600 ವಿಎ ಯುಪಿಎಸ್ ಸಾಕು. ಅದು ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ, ಇಂಥ ಸಿಸ್ಟಮ್ ಶಟ್‌ಡೌನ್ ಮಾಡುವಷ್ಟು ಹೊತ್ತು ನಿಲ್ಲುತ್ತದೆ.

ಅರ್ತಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ. ಹೊಸ ಪಿಸಿ ಹಾಕಿದ ವಾರದಲ್ಲೇ ಬರಿಗಾಲಲ್ಲಿ ಕೂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಯುಎಸ್‌ಬಿ ಪೋರ್ಟ್‌ನ ಲೋಹ ತಾಗಿದರೂ ಹಾಗೇ. ಪಾರ್ಟ್ ಕೆಟ್ಟಿದೆ ಅಂತ ತಮ್ಮ ಹೆದರಿದ್ದ. ಎಲೆಕ್ಟ್ರಿಷಿಯನ್ ಬಂದು ಹೋಲ್ಡರ್‌ಗೆ ಬಲ್ಬ್ ಹಾಕಿ, ಎರಡು ವೈರ್ ಹಿಡಿದು ಪ್ಲಗ್‌ಗೆ ಕೊಟ್ಟರು. ಫೇಸ್ ಮತ್ತು ನ್ಯೂಟ್ರಲ್‌ಗೆ ಕೊಟ್ಟಾಗ ಬಲ್ಬ್ ಉರಿಯಿತು. ಫೇಸ್ ಮತ್ತು ಮೇಲಿನ ದಪ್ಪ ತೂತಿಗೆ ಕೊಟ್ಟಾಗ ಮಿಣುಕೂ ಇಲ್ಲ. “ನಿಮ್ಮನೇಲಿ ಅರ್ತೇ ಇಲ್ಲ ಕಣಣ್ಣ, ಮೂರನೇ ತೂತು ಬರೀ ಲೆಕ್ಕಕ್ಕೆ ಅಷ್ಟೇ” ಅಂದರು.

ವಿಷಯ ಇಷ್ಟೇ. ಎಸ್‌ಎಂಪಿಎಸ್ ಒಳಗೆ ಬರುವ ಕರೆಂಟಿನ ಗದ್ದಲವನ್ನು ಸೋಸಲು ಫಿಲ್ಟರ್ ಇರುತ್ತದೆ. ಅದರ ಸಣ್ಣ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ ಲೋಹಕ್ಕೆ ಸೇರಿರುತ್ತವೆ. ಅರ್ತ್ ಇದ್ದರೆ ಆ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಅಂದರೆ 115 ವೋಲ್ಟ್ ಹತ್ತಿರ ನಿಂತಿರುತ್ತದೆ. ಕರೆಂಟ್ ಪ್ರಮಾಣ ತೀರಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುತ್ತದೆ. ಆದರೆ ಒಳಗೆ ನಿಜವಾಗಿ ಏನಾದರೂ ಶಾರ್ಟ್ ಆದ ದಿನ ಕಾಪಾಡುವುದಕ್ಕೆ ಏನೂ ಇರುವುದಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಪೈಪ್ ಇಳಿಸಿ, ವೈರ್ ಎಳೆಸಿದೆವು. ಜುಮ್ ಅನ್ನುವುದು ಅವತ್ತೇ ನಿಂತಿತು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕುತ್ತೇವೆ. ಬಿಲ್ಡ್ ಬಜೆಟ್‌ನಲ್ಲಿ ಇದಕ್ಕೂ ದುಡ್ಡು ಎತ್ತಿಡಿ ಅಂತ ಬೇಡಿಕೊಳ್ಳುತ್ತೇನೆ.

ಕಾರ್ಡ್ ಆರಿಸುವಾಗಲೂ ನನಗೆ ವ್ಯಾಟ್ ಮುಖ್ಯವಾಯಿತು. ಆರ್‌ಎಕ್ಸ್ 6600 ಎಳೆಯುವುದು 132 ವ್ಯಾಟ್. ಆರ್‌ಟಿಎಕ್ಸ್ 3060 ಆದರೆ 170. ಅವತ್ತಿಗೆ 3060 ಬೆಲೆಯೂ ಏಳೆಂಟು ಸಾವಿರ ಜಾಸ್ತಿ ಇತ್ತು. ಇಡೀ ಸಿಸ್ಟಮ್ 230 ವ್ಯಾಟ್ ಎಳೆದರೆ ನಾಲ್ಕು ಗಂಟೆ ಆಟಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್. ದಿನಾ ಅಷ್ಟು ಆಡಿದರೆ ತಿಂಗಳಿಗೆ 30 ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ಲ. ಫ್ರಿಜ್, ಮೋಟಾರ್, ಗೀಸರ್ ಇರುವ ಮನೆಯಲ್ಲಿ ಈ 30 ಯೂನಿಟ್ ಸಣ್ಣ ಮಾತಲ್ಲ.

ಆಟದ ವಿಷಯಕ್ಕೆ ಬಂದರೆ, 1080ಪಿಗೆ ಈ ಕಾರ್ಡ್ ಬಂಗಾರ. ವ್ಯಾಲರಂಟ್ 200 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಮೇಲೆ. ಫೋರ್ಜಾ ಹೊರೈಜನ್ 5 ಹೈ ಸೆಟ್ಟಿಂಗ್‌ನಲ್ಲಿ ಆರಾಮಾಗಿ ಓಡುತ್ತದೆ. ಸೈಬರ್‌ಪಂಕ್ 2077ಕ್ಕೆ ಸೆಟ್ಟಿಂಗ್ ಸ್ವಲ್ಪ ಇಳಿಸಿ ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಶನ್ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವ ಸೌಲಭ್ಯ) ಹಾಕಿದರೆ 60 ಸಿಗುತ್ತದೆ. ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ತೋರಿಸುವ ತಂತ್ರ) ಆಸೆ ಇಟ್ಟುಕೊಳ್ಳಬೇಡಿ. 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ, 2025ರಲ್ಲಿ ಬಂದ ಡೂಮ್‌ಗೆ ರೇ ಟ್ರೇಸಿಂಗ್ ಇರುವ ಕಾರ್ಡೇ ಬೇಕು. ಎರಡರಲ್ಲೂ ಕನಿಷ್ಠ ಕಾರ್ಡ್‌ಗಳ ಸಾಲಿನಲ್ಲಿ ಇದರ ಹೆಸರಿದೆ. ಅಂದರೆ ಹೊಸ ದೊಡ್ಡ ಆಟಗಳಿಗೆ ಇದು ಈಗ ತೀರಾ ಕೆಳಗಿನ ಮೆಟ್ಟಿಲು. ಇನ್ನೊಂದು ವಿಷಯ. ಮಷೀನ್ ಲರ್ನಿಂಗ್‌ಗೆ ಬಳಸುವ ‘ಕೂಡಾ’ (CUDA) ಅನ್ನುವ ಸಾಫ್ಟ್‌ವೇರ್ ಓಡುವುದು ಎನ್‌ವಿಡಿಯಾ ಕಾರ್ಡ್‌ನಲ್ಲಿ ಮಾತ್ರ. ಮನೆಯಲ್ಲಿ ಯಾರಾದರೂ ಮಷೀನ್ ಲರ್ನಿಂಗ್ ಕಲಿಯುತ್ತಿದ್ದರೆ ಆ ಏಳೆಂಟು ಸಾವಿರ ಹಾಕಿ 12 ಜಿಬಿಯ 3060 ಕಡೆ ಹೋಗುವುದೇ ಸರಿ. ತಮ್ಮನ ಪ್ರಾಜೆಕ್ಟ್ ವೆಬ್‌ಸೈಟ್‌ಗಳದ್ದು, ಹಾಗಾಗಿ ನಮಗೆ ಆ ಅಗತ್ಯ ಬೀಳಲಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡುವವರಿಗೆ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೋ ನಾಣ್ಯ ಗಳಿಸುವುದು) ನಿಂತ ಮೇಲೆ ಹಳೆಯ ಕಾರ್ಡ್‌ಗಳು ರಾಶಿ ರಾಶಿ ಮಾರ್ಕೆಟ್‌ಗೆ ಬಂದವು. ಅದರಲ್ಲಿ ‘ಆರ್‌ಎಕ್ಸ್ 580 2048ಎಸ್‌ಪಿ’ ಅಂತ ಒಂದಿದೆ. ಹೆಸರು 580, ಒಳಗಿನ ಲೆಕ್ಕ 570ರದ್ದು. 580ರ ಬೆಲೆ ಕೊಡಬೇಡಿ.

ಪ್ರೊಸೆಸರ್ 5600 ಬಗ್ಗೆ ದೂರೇ ಇಲ್ಲ. ಆರು ಕೋರ್, 65 ವ್ಯಾಟ್, ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಸಾವಿರ, ಎರಡು ಸಾವಿರ ಉಳಿಸಲು 5500 ತೆಗೆದುಕೊಳ್ಳುವವರು ಒಂದು ತಿಳಿದಿರಲಿ. ಅದರ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32. ಜೊತೆಗೆ 5500ರಲ್ಲಿ ಪಿಸಿಐಇ (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಡೇಟಾ ದಾರಿ) ಹಳೆಯ 3ನೇ ತಲೆಮಾರಿನದು ಮಾತ್ರ. ಆರ್‌ಎಕ್ಸ್ 6600 ಬಳಸುವುದೇ ಎಂಟು ಲೇನ್. ಅದನ್ನು ಪಿಸಿಐಇ 3ಕ್ಕೆ ಹಾಕಿದರೆ ದಾರಿ ಅರ್ಧ ಆಗುತ್ತದೆ. ಬಿ450 ಬೋರ್ಡ್ ಹಾಕಿದರೂ ಅದೇ ಕಥೆ. ಅದಕ್ಕೇ ನಾನು ಬಿ550ಗೆ ದುಡ್ಡು ಹಾಕಿದ್ದು. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ ಅನ್ನುವುದೂ ನೆನಪಿರಲಿ. ಕಾರ್ಡ್ ವಾರಂಟಿಗೆ ಹೋದರೆ ಮಾನಿಟರ್ ಕಪ್ಪು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಕೊಟ್ಟು ಸಂಜೆ ವಾಪಸ್ ಬರಬಹುದು, ಆದರೆ ಕಾರ್ಡ್ ಅದರ ಪಾಡಿಗೆ ಅಲ್ಲಿರುತ್ತದೆ. ಪಿಸಿಯಲ್ಲಿ ಓದು, ಕೆಲಸವೂ ನಡೆಯುವ ಮನೆಯಾದರೆ ಒಂದು ಹಳೆಯ ಸಣ್ಣ ಕಾರ್ಡ್ ಎತ್ತಿಟ್ಟಿರಿ.

ರ‍್ಯಾಮ್ ಯಾವಾಗಲೂ ಎರಡು ಕಡ್ಡಿ ಹಾಕಿ. ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ (ರ‍್ಯಾಮ್ ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ರ‍್ಯಾಮ್ 2400ಕ್ಕೋ 2666ಕ್ಕೋ ಓಡುತ್ತಿರುತ್ತದೆ. ಸ್ನೇಹಿತರ ಸಿಸ್ಟಮ್‌ಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಎಸ್‌ಎಸ್‌ಡಿ ಬಗ್ಗೆ ಹೇಳುವಂಥದ್ದು ಏನಿಲ್ಲ, 1 ಟಿಬಿಗಿಂತ ಕಡಿಮೆ ಬೇಡ.

ಬಿಸಿಲು, ಧೂಳು ಇವೆರಡೇ ಈ ಪಿಸಿಗೆ ನಿಜವಾದ ಪರೀಕ್ಷೆ. ಏಪ್ರಿಲ್ ಮಧ್ಯಾಹ್ನ ಆಡಿದರೆ ಪ್ರೊಸೆಸರ್ 80 ಡಿಗ್ರಿ ದಾಟುತ್ತದೆ. 5600ರ ಮಿತಿ 90. ಬಯಾಸ್‌ನಲ್ಲಿ ಕರ್ವ್ ಆಪ್ಟಿಮೈಸರ್ (ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್ ತಿದ್ದುವ ಸೆಟ್ಟಿಂಗ್) ಮೈನಸ್‌ಗೆ ಇಳಿಸಿದ ಮೇಲೆ ಕೆಲವು ಡಿಗ್ರಿ ಕಡಿಮೆಯಾಯಿತು, ಸ್ಪೀಡ್ ಏನೂ ಕಮ್ಮಿಯಾಗಲಿಲ್ಲ. ಕಬ್ಬು ಅರೆಯುವ ಸೀಸನ್ನಲ್ಲಿ ಕಿಟಕಿ ತೆಗೆದಿಟ್ಟರೆ ಆಲೆಮನೆ ಕಡೆಯ ಮಸಿ ಜಾಲರಿಯ ಮೇಲೆ ತೆಳ್ಳಗೆ ಕೂರುತ್ತದೆ. ಬೆರಳಲ್ಲಿ ಒರೆಸಿದರೆ ಎಣ್ಣೆಯಂತೆ ಅಂಟುತ್ತದೆ. ಅದರ ಜೊತೆ ಸೊಳ್ಳೆ. ನಾಲೆ ಪಕ್ಕದ ಊರಲ್ಲಿ ಫಿಲ್ಟರ್ ಬಿಚ್ಚಿದರೆ ಸತ್ತ ಸೊಳ್ಳೆ ಉದುರದೇ ಇರುತ್ತದೆಯೇ? ಫಿಲ್ಟರ್ ತೊಳೆದು, ಒಣಗಿಸಿ ಹಾಕುತ್ತೇವೆ. ಒಳಗಿನ ಧೂಳಿಗೆ ಬ್ಲೋವರ್ ಬಿಡುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ. ಕ್ಯಾಬಿನೆಟ್ ಜೊತೆ ಬಂದ ಒಂದು ಫ್ಯಾನ್ ಎರಡನೇ ವರ್ಷ ಗರಗರ ಅನ್ನತೊಡಗಿತು. 120 ಎಂಎಂ ಹೊಸದು ಹಾಕಿದೆ. ಮೂರು ವರ್ಷದಲ್ಲಿ ಬದಲಾಯಿಸಿದ್ದು ಅದೊಂದೇ.

ಈಗ ಹೊಸದಾಗಿ ಕಟ್ಟುವವರಿಗೆ ಲೆಕ್ಕ ಬೇರೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಯಾರ ಮನೆಯಲ್ಲಾದರೂ ಹಳೆಯ ಡಿಡಿಆರ್4 ರ‍್ಯಾಮ್ ಇದ್ದರೆ ಅದನ್ನೇ ಇಟ್ಟುಕೊಂಡು ಎಎಂ4 (5600ರಂಥ ಪ್ರೊಸೆಸರ್ ಕೂರುವ) ಬೋರ್ಡ್ ಹುಡುಕಿ, ಸುಮ್ನೆ ಹೊಸದಕ್ಕೆ ಹಾರಬೇಡಿ. ನನ್ನ ಮುಂದಿನ ಬದಲಾವಣೆ ಕಾರ್ಡ್ ಒಂದೇ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಮೇಲೆ ಕಣ್ಣಿದೆ, ಅದು 160 ವ್ಯಾಟ್. ಈಗಿರುವ ಎಸ್‌ಎಂಪಿಎಸ್‌ಗೆ 5 ವರ್ಷ ವಾರಂಟಿ ಇದೆ, ಇನ್ನೂ ಮುಗಿದಿಲ್ಲ. ಇನ್ವರ್ಟರ್‌ಗೂ ಆ ಲೋಡ್ ಭಾರವಲ್ಲ. ಕಾರ್ಡ್ ಬೆಲೆ ಸ್ವಲ್ಪ ಇಳಿದ ತಿಂಗಳು ತರುತ್ತೇನೆ, 6600 ಆಗ ತಮ್ಮನ ಸ್ನೇಹಿತನ ಸಿಸ್ಟಮ್‌ಗೆ ಹೋಗುತ್ತದೆ.