ಫೋನ್, ಇಂಟರ್‌ನೆಟ್ ಬಾಕಿ ವಸೂಲಿ ನೋಟಿಸ್: ಯಾವ ಕಾನೂನು ನೆರವು ಎಷ್ಟು ಕೆಲಸಕ್ಕೆ ಬರುತ್ತದೆ?

ಬ್ರಾಡ್‌ಬ್ಯಾಂಡ್ ಬೇಡವೆಂದು ಹೇಳಿ, ರೂಟರ್ ವಾಪಸ್ ಕೊಟ್ಟು ವರ್ಷವಾದ ಮೇಲೂ ‘ಬಾಕಿ ಕಟ್ಟಿ’ ಎಂಬ ನೋಟಿಸ್ ಬರುವುದು ಈಗ ಮಾಮೂಲಾಗಿದೆ. ಹೆಚ್ಚಾಗಿ ಅದು ವಾಟ್ಸ್‌ಆ್ಯಪ್‌ಗೆ ಬರುವ ಪಿಡಿಎಫ್. ಮೇಲೆ ದೂರದೂರಿನ ವಕೀಲರ ಲೆಟರ್‌ಹೆಡ್, ನಡುವೆ ದಪ್ಪ ಅಕ್ಷರದಲ್ಲಿ ‘ಅಂತಿಮ ಎಚ್ಚರಿಕೆ’, ಕೆಳಗೆ ಹಣ ಕಟ್ಟಲು ಒಂದು ಲಿಂಕ್. ಮೊತ್ತ ಸಾವಿರವೋ ಎರಡು ಸಾವಿರವೋ ಇರುತ್ತದೆ. ವಕೀಲರ ಫೀಸೇ ಅದಕ್ಕಿಂತ ಜಾಸ್ತಿ ಎಂದುಕೊಂಡು, ಕೊಡಬೇಕಿಲ್ಲದ ಹಣವನ್ನೂ ಜನ ಕಟ್ಟಿಬಿಡುತ್ತಾರೆ. ಅವರಿಗಾಗಿಯೇ ಕರ್ನಾಟಕದಲ್ಲಿ ಸಿಗುವ ನೆರವುಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಈ ವಿಷಯದಲ್ಲಿ ದುಡ್ಡು ಕೊಟ್ಟು ಪಡೆಯುವ ನೆರವಿಗಿಂತ ಉಚಿತವಾಗಿ ಸಿಗುವುದೇ ಗಟ್ಟಿ. ಆದರೆ ಕ್ರಮ ತಪ್ಪಿ ಹೋದವರಿಗೆ ಅದು ದಕ್ಕುವುದಿಲ್ಲ.

ಫೋನ್ ಬಿಲ್ ಕಟ್ಟದಿರುವುದು ಸಿವಿಲ್ ವಿಷಯ. ಬರೀ ಬಾಕಿಗಾಗಿ ಪೊಲೀಸರು ಯಾರನ್ನೂ ಬಂಧಿಸುವಂತಿಲ್ಲ. ‘ವಾರಂಟ್ ಹೊರಟಿದೆ’ ಎಂದು ಏಜೆಂಟ್ ಹೇಳಿದರೆ ಅದು ಸುಳ್ಳು. ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಅಡಿ ಅದೇ ಅಪರಾಧ. ಕರೆ ಮಾಡಿದವರು ಕಂಪನಿಯವರೇ ಅಲ್ಲ ಎಂಬ ಅನುಮಾನ ಬಂದರೆ, ಹಣ ಕಳೆದುಕೊಂಡಿದ್ದರೆ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೋಟಿಸ್‌ನಲ್ಲಿರುವ ಲಿಂಕ್ ಮೂಲಕ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಿಜವಾಗಿಯೂ ಬಾಕಿ ಇದ್ದರೆ ಕಂಪನಿಯ ಆ್ಯಪ್‌ನಲ್ಲೋ ಅಂಗಡಿಯಲ್ಲೋ ಕಟ್ಟಿ ರಸೀದಿ ಪಡೆಯಿರಿ.

ಮೊದಲ ಬಾಗಿಲು ಕಂಪನಿಯದೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ ಕಂಪನಿಗಳಲ್ಲಿ ಎರಡು ಹಂತ ಇರಬೇಕು: ದೂರು ಕೇಂದ್ರ, ಅದರ ಮೇಲೆ ಮೇಲ್ಮನವಿ ಪ್ರಾಧಿಕಾರ. ದೂರು ಕೊಟ್ಟಾಗ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೊಡಬೇಕು. ‘ನೋಟ್ ಮಾಡ್ಕೊಂಡಿದೀವಿ ಸರ್’ ಎಂಬ ಮಾತಿಗೆ ಬೆಲೆ ಇಲ್ಲ. ನಂಬರ್ ಎಸ್‌ಎಂಎಸ್‌ನಲ್ಲಿ ಬರುವ ತನಕ ಫೋನ್ ಇಡಬೇಡಿ. ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಗಡುವು ಮುಗಿದರೂ ಉತ್ತರವೇ ಬರದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಶುಲ್ಕ ಇಲ್ಲ. 39 ದಿನದಲ್ಲಿ ತೀರ್ಮಾನ ಬರಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ಕಸ್ಟಮರ್ ಕೇರ್ ಜೊತೆ ಹತ್ತಾರು ಸಲ ಜಗಳವಾಡುತ್ತಾರೆ, ಮೇಲ್ಮನವಿ ಮಾತ್ರ ಹಾಕುವುದಿಲ್ಲ. ಪ್ರಾಧಿಕಾರ ಕಂಪನಿಯೊಳಗಿನದೇ ಆದ್ದರಿಂದ ಅಲ್ಲಿ ಗೆದ್ದೇ ಗೆಲ್ಲುತ್ತೇವೆ ಎನ್ನಲಾಗದು. ಆದರೂ ಅದರ ಲಿಖಿತ ಉತ್ತರ ಮುಂದಿನ ಎಲ್ಲ ಕಡೆಯೂ ನಿಮ್ಮ ಕೈಯಲ್ಲಿರುವ ಸಾಕ್ಷಿ. ಅಂದಹಾಗೆ ಟ್ರಾಯ್ ವ್ಯಕ್ತಿಗತ ದೂರುಗಳನ್ನು ತಾನೇ ಬಗೆಹರಿಸುವುದಿಲ್ಲ. ನೇರ ಅಲ್ಲಿಗೆ ಬರೆದು ಕಾಯುವುದು ವ್ಯರ್ಥ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಎರಡನೆಯದು. ಕನ್ನಡದಲ್ಲೇ ಮಾತಾಡಬಹುದು, ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಇಲ್ಲಿಂದ ದೂರು ನೇರ ಕಂಪನಿಯ ನಿಗದಿತ ವಿಭಾಗಕ್ಕೆ ಹೋಗುವುದರಿಂದ, ಕಸ್ಟಮರ್ ಕೇರ್‌ನಲ್ಲಿ ಕೊಳೆಯುತ್ತಿದ್ದ ವಿಷಯ ಅಲುಗಾಡುತ್ತದೆ. ಕನೆಕ್ಷನ್ ರದ್ದಾದ ಮೇಲಿನ ಬಾಡಿಗೆ, ವಾಪಸ್ ಕೊಟ್ಟ ರೂಟರ್‌ಗೆ ಹಾಕಿದ ಶುಲ್ಕ, ಹೊಂದಿಸದೆ ಬಿಟ್ಟ ಠೇವಣಿ, ಇಂಥ ಸರಳ ತಪ್ಪುಗಳಿಗೆ ಇದು ತಕ್ಕ ಜಾಗ. ಆದೇಶ ಮಾಡುವ ಅಧಿಕಾರ ಇದಕ್ಕಿಲ್ಲ. ಕಂಪನಿ ಹಳೇ ಉತ್ತರವನ್ನೇ ಮತ್ತೆ ಅಂಟಿಸಿದರೆ ಸಹಾಯವಾಣಿಯ ಕೆಲಸ ಅಲ್ಲಿಗೆ ಮುಗಿಯಿತು.

ನಾವು ಅತಿ ಹೆಚ್ಚು ಅಂಕ ಕೊಡುವುದು ಖಾಯಂ ಜನತಾ ನ್ಯಾಯಾಲಯಕ್ಕೆ (ಪರ್ಮನೆಂಟ್ ಲೋಕ ಅದಾಲತ್). ವಿಚಿತ್ರವೆಂದರೆ ಇದರ ಹೆಸರು ಕೇಳಿದವರೇ ಕಡಿಮೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಲ್ಲಿ ಟೆಲಿಫೋನ್ ಸೇವೆಯನ್ನು ‘ಸಾರ್ವಜನಿಕ ಉಪಯುಕ್ತ ಸೇವೆ’ ಎಂದು ಹೆಸರಿಸಿಯೇ ಸೇರಿಸಲಾಗಿದೆ. ಬೆಂಗಳೂರು, ಮೈಸೂರು, ಮಂಗಳೂರು ಮುಂತಾದ ಕಡೆ ಈ ಪೀಠಗಳಿವೆ. ಕೋರ್ಟ್ ಫೀ ಇಲ್ಲ. ಅರ್ಜಿ ಬಿಳಿ ಹಾಳೆಯಲ್ಲಿದ್ದರೂ ನಡೆಯುತ್ತದೆ, ವಕೀಲರು ಬೇಕೇಬೇಕೆಂದಿಲ್ಲ. ಮೊದಲು ರಾಜಿಗೆ ಯತ್ನಿಸುತ್ತಾರೆ. ರಾಜಿಯಾಗದಿದ್ದರೆ ಪೀಠ ತಾನೇ ತೀರ್ಪು ಕೊಡಬಹುದು, ಮಾಮೂಲಿ ಲೋಕ ಅದಾಲತ್‌ಗೆ ಇಲ್ಲದ ಅಧಿಕಾರ ಇದು. ಇನ್ನೂ ಒಂದು ಲಾಭವಿದೆ: ವಿಷಯ ಯಾವ ಕೋರ್ಟಿಗೂ ಹೋಗುವ ಮೊದಲೇ ನೀವು ಇಲ್ಲಿ ಅರ್ಜಿ ಹಾಕಿದರೆ, ಅದೇ ತಗಾದೆಗೆ ಕಂಪನಿ ಬೇರೆ ಕೋರ್ಟಿಗೆ ಹೋಗುವಂತಿಲ್ಲ. ತೀರ್ಪಿನ ಮೇಲೆ ಅಪೀಲು ಇಲ್ಲ ಎಂಬುದು ನಿಮಗೂ ಅನ್ವಯಿಸುತ್ತದೆ. ಆದ್ದರಿಂದ ಕಾಗದಪತ್ರ ದುರ್ಬಲವಿದ್ದರೆ ಆತುರಪಡಬೇಡಿ.

ಇದನ್ನು ರಾಷ್ಟ್ರೀಯ ಲೋಕ ಅದಾಲತ್‌ನ ನೋಟಿಸ್ ಜೊತೆ ಬೆರೆಸಿಕೊಳ್ಳಬಾರದು. ಅದಾಲತ್ ಹತ್ತಿರ ಬಂದಾಗ ದೂರಸಂಪರ್ಕ ಕಂಪನಿಗಳು ಹಳೇ ಬಾಕಿದಾರರನ್ನು ಒಟ್ಟಿಗೆ ಕರೆಸುತ್ತವೆ. ನೋಟಿಸ್‌ನಲ್ಲಿ ‘ವ್ಯಾಜ್ಯಪೂರ್ವ’ ಅಥವಾ ‘ಪ್ರೀ-ಲಿಟಿಗೇಷನ್’ ಎಂದಿದ್ದರೆ ನಿಮ್ಮ ಮೇಲೆ ಇನ್ನೂ ಕೇಸೇ ಇಲ್ಲ ಎಂದರ್ಥ. ಅದು ಸಮನ್ಸ್ ಅಲ್ಲ. ಹೋಗದಿದ್ದರೆ ಶಿಕ್ಷೆಯೂ ಇಲ್ಲ. ಬಾಕಿ ನಿಜವಾಗಿದ್ದರೆ ಹೋಗುವುದು ಲಾಭ, ತಡ ಶುಲ್ಕ ಬಿಟ್ಟುಕೊಡುವಂತೆ ಚೌಕಾಸಿ ಮಾಡಬಹುದು. ಅಲ್ಲಿ ರಾಜಿ ಪತ್ರಕ್ಕೆ ಸಹಿ ಬಿದ್ದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅವಸರದಲ್ಲಿ ಮೊತ್ತದ ಜಾಗ ಖಾಲಿ ಇರುವ ಫಾರ್ಮ್ ಮುಂದಿಟ್ಟರೆ ಸಹಿ ಹಾಕಬೇಡಿ. ‘ಪೂರ್ಣ ಮತ್ತು ಅಂತಿಮ’ ಎಂಬ ಮಾತು ಬರೆಸಿಕೊಳ್ಳಿ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂಬ ಗೊಂದಲ ಬಹುಕಾಲ ಇತ್ತು. 2009ರ ಒಂದು ತೀರ್ಪನ್ನು ತೋರಿಸಿ ಕಂಪನಿಗಳು ದೂರುಗಳನ್ನು ವಜಾ ಮಾಡಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೂರಸಂಪರ್ಕ ಗ್ರಾಹಕರ ದೂರನ್ನು ಆಯೋಗ ಕೇಳಬಹುದು ಎಂದು ಸ್ಪಷ್ಟಪಡಿಸಿತು. ಇನ್ನೂ ಹಳೇ ತೀರ್ಪಿನ ಹೆಸರು ಹೇಳುವ ಉತ್ತರ ಬಂದರೆ ಇದನ್ನು ಮುಂದಿಡಿ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆ ಆದ ದಿನದಿಂದ 2 ವರ್ಷದ ಗಡುವು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಕೆಯೂ ಇದೆ. ದೂರಿನ ಜೊತೆಗೇ ಮಧ್ಯಂತರ ಅರ್ಜಿ ಹಾಕಿ, ವಸೂಲಿ ಕರೆ ನಿಲ್ಲಿಸಲು ಆದೇಶ ಕೇಳಿ. ವಾಟ್ಸ್‌ಆ್ಯಪ್ ಚಾಟ್, ಕಾಲ್ ರೆಕಾರ್ಡಿಂಗ್ ಲಗತ್ತಿಸುವಾಗ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಸೇರಿಸಿ. ದೂರು ನಿಮಗೆ ಆದ ಮಾನಸಿಕ ಕಿರುಕುಳಕ್ಕೂ ಪರಿಹಾರ ಕೇಳುವಂತಿದ್ದರೆ ಇದೇ ಸರಿಯಾದ ಜಾಗ, ತಾಳ್ಮೆ ಮಾತ್ರ ಬೇಕು. ಅಂಗಡಿ, ಕಚೇರಿಯ ವ್ಯಾಪಾರಕ್ಕೆ ಪಡೆದ ಕನೆಕ್ಷನ್ ಆದರೆ ‘ಗ್ರಾಹಕ’ ಅಲ್ಲ ಎಂಬ ತಕರಾರು ಎದುರಾಗುತ್ತದೆ.

ದುಡ್ಡು ಕೊಟ್ಟು ವಕೀಲರ ಸಲಹೆ ಪಡೆಯಬೇಕೆನಿಸಿದರೆ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ತಾಲ್ಲೂಕು ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಗೆ ಹೋಗಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕನೆಕ್ಷನ್ ಮನೆಯ ಹೆಂಗಸರ ಹೆಸರಿನಲ್ಲಿದ್ದರೆ ಇದು ನೇರ ಅನ್ವಯ. ಆನ್‌ಲೈನ್‌ನಲ್ಲಿ ‘ಬಾಕಿ ಮನ್ನಾ ಮಾಡಿಸುತ್ತೇವೆ, ಕ್ರೆಡಿಟ್ ಸ್ಕೋರ್ ಸರಿಪಡಿಸುತ್ತೇವೆ’ ಎಂದು ಮುಂಗಡ ಕೇಳುವ ಸಂಸ್ಥೆಗಳಿಗೆ ನಾವು ಅಂಕ ಕೊಡುವುದಿಲ್ಲ. ಅವರು ಕಳಿಸುವ ಉತ್ತರ ನೋಟಿಸ್‌ನಲ್ಲಿ ಡಾಕೆಟ್ ನಂಬರ್ ಇಲ್ಲದಿದ್ದರೆ ಕಂಪನಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಂಬರ್ ಇದ್ದರೆ ಆ ಪತ್ರ ನೀವೇ ಬರೆಯಬಹುದು. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆ ಎಂದು ಹೇಳುವವರನ್ನಂತೂ ನಂಬಬೇಡಿ. ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಮಾತ್ರ ವಸೂಲಿ ಕರೆ ಮಾಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಬ್ಯಾಂಕು, ಸಾಲ ಕೊಡುವ ಸಂಸ್ಥೆಗಳಿಗೆ; ಫೋನ್ ಕಂಪನಿಗಲ್ಲ.

ಹಳೇ ಬಾಕಿಯಾದರೆ ದಿನಾಂಕ ಮೊದಲು ನೋಡಿ. ಹಣ ವಸೂಲಿಗೆ ದಾವೆ ಹೂಡಲು ಸಾಮಾನ್ಯ ಮಿತಿ 3 ವರ್ಷ. ಆ ಅವಧಿಯೊಳಗೆ ‘ಸದ್ಯ 200 ರೂಪಾಯಿ ಹಾಕಿ ಸಾರ್, ಫೈಲ್ ನಿಲ್ಲಿಸ್ತೀನಿ’ ಎಂಬ ಏಜೆಂಟನ ಮಾತು ಕೇಳಿ ಭಾಗಶಃ ಕಟ್ಟಿದರೆ, ಅಥವಾ ಬಾಕಿ ಒಪ್ಪಿ ಸಹಿ ಮಾಡಿದರೆ, ಮಿತಿ ಮತ್ತೆ ಮೊದಲಿಂದ ಎಣಿಕೆಯಾಗಬಹುದು. ನಂಬರ್ ಪೋರ್ಟ್ ಮಾಡಿದರೆ ಬಾಕಿ ಹೋಯಿತು ಎಂಬುದೂ ತಪ್ಪು: ಹಳೇ ಕಂಪನಿ ಕೇಳಿದರೆ ಹೊಸ ಕಂಪನಿ ಹೊರಕರೆ ನಿಲ್ಲಿಸುವ ನಿಯಮವಿದೆ.

ಬಾಕಿ ಕಟ್ಟಿದ ಅಥವಾ ರದ್ದಾದ ಮೇಲೆ ‘ಬಾಕಿ ಇಲ್ಲ’ ಎಂಬ ಪತ್ರ ಇಮೇಲ್‌ನಲ್ಲಿ ಬರಲೇಬೇಕು, ಅಕೌಂಟ್ ನಂಬರ್ ಸಮೇತ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಜನರ ಸಾಲ-ಬಾಕಿ ದಾಖಲೆ ಇಡುವ ಈ ನಾಲ್ಕೂ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡುತ್ತವೆ. ಅದರಲ್ಲಿ ಟೆಲಿಕಾಂ ಖಾತೆಯ ಮುಂದೆ ‘ಸೆಟಲ್ಡ್’ (ಕಡಿಮೆ ಮೊತ್ತಕ್ಕೆ ರಾಜಿ) ಅಥವಾ ‘ರೈಟನ್ ಆಫ್’ (ವಸೂಲಾಗದೆಂದು ಕೈಬಿಟ್ಟದ್ದು) ಎಂದಿದ್ದರೆ ಸಾಲ ಕೊಡುವವರು ಅದನ್ನು ಒಳ್ಳೆಯದೆಂದು ಎಣಿಸುವುದಿಲ್ಲ. ‘ಕ್ಲೋಸ್ಡ್’ ಎಂದೇ ಇರಬೇಕು. ಕಂಪನಿ ಒಪ್ಪದೆ ಬ್ಯೂರೋ ತಾನಾಗಿ ತಿದ್ದುವುದಿಲ್ಲ. ಆದ್ದರಿಂದ ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲೇ, ವರದಿಯಲ್ಲಿ ಏನೆಂದು ತೋರಿಸುತ್ತೀರಿ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ.