ರೋಂಗ್‌ಬಾವ್‌ಜಾಯ್ ಅಂಗಡಿಯ ಕಾಗದ, ಮತ್ತು ಒಂದು ಮುಳುಗಡೆಯ ಚಿತ್ರ

ನಾನು ಬಾಗಲಕೋಟೆಯವಳು. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆ ಪಟ್ಟಿ ಸೇರಿದಾಗ ನನಗೆ ಒಂಬತ್ತು ವರ್ಷ. ಟ್ರ್ಯಾಕ್ಟರಿನಲ್ಲಿ ಮೊದಲು ಅಜ್ಜಿಯ ಬೀಸುಕಲ್ಲು ಹೋಯಿತು, ಆಮೇಲೆ ನಾವು ನವನಗರಕ್ಕೆ ಹೋದೆವು. ಕೆಲಸಕ್ಕೆಂದು ಬೀಜಿಂಗಿಗೆ ಬಂದ ಮೇಲೆ ಒಂದು ರಾತ್ರಿ ಕಂಪ್ಯೂಟರಿನಲ್ಲಿ ಚೀನಾದ ಚಿತ್ರಕಾರ ಜಿ ಯುನ್‌ಫೇ ಅವರ ಸುರುಳಿಚಿತ್ರ ನೋಡಿದೆ. ಯಾಂಗ್ತ್ಸೆ ನದಿಯ ತ್ರೀ ಗೋರ್ಜಸ್ ಅಣೆಕಟ್ಟಿಗಾಗಿ ಊರು ಬಿಟ್ಟವರ ಚಿತ್ರ ಅದು. ಅಲ್ಲಿ 12 ಲಕ್ಷಕ್ಕೂ ಜಾಸ್ತಿ ಜನ ಎದ್ದು ಹೋಗಬೇಕಾಯಿತು. ಗೆರೆ, ಮಸಿ, ಬಣ್ಣ ಎಲ್ಲ ಹಳೇ ಕಾಲದ ಬೆಟ್ಟ-ನದಿ ಚಿತ್ರದ್ದೇ. ಆದರೆ ಅದರಲ್ಲಿ ಇರುವವರು ಗಂಟುಮೂಟೆ ಕಟ್ಟಿಕೊಂಡ ಇವತ್ತಿನ ಜನ. ಬಹಳ ಹೊತ್ತು ಅದರ ಮುಂದೆಯೇ ಕೂತಿದ್ದೆ.

2009ರಲ್ಲಿ ಇದನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಹೊರತಂದಿತು. ಆಗ ಜಿ ಅವರಿಗೆ ನಲವತ್ತೈದು ದಾಟಿತ್ತು. ಅಚ್ಚು ಹಾಕಿದ್ದು ಮಾತ್ರ ಬೀಜಿಂಗಿನ ರೋಂಗ್‌ಬಾವ್‌ಜಾಯ್ ಅನ್ನುವ ಹಳೇ ಅಂಗಡಿ, 500ಕ್ಕೂ ಹೆಚ್ಚು ಮರದ ಅಚ್ಚುಗಳನ್ನು ಕೈಯಲ್ಲೇ ಕೆತ್ತಿ. ಅಂಗಡಿ ಇದೇ ಊರಿನಲ್ಲಿದೆ ಅಂತ ಗೊತ್ತಾದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಮೆಟ್ರೊ 2ನೇ ಲೈನಿನಲ್ಲಿ ಹೆಪಿಂಗ್‌ಮೆನ್‌ನಲ್ಲಿ ಇಳಿದು ದಕ್ಷಿಣಕ್ಕೆ ಸ್ವಲ್ಪ ನಡೆದರೆ ಲಿಯೂಲಿಚಾಂಗ್ ಬೀದಿ. ಪಶ್ಚಿಮದ ಕಡೆಗೆ ತಿರುಗಬೇಕು. 1672ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಅಂಗಡಿಗೆ 1894ರಲ್ಲಿ ಈ ಹೆಸರು ಬಂತು. ಕಾಗದ, ಕುಂಚ, ಮಸಿಕಡ್ಡಿ, ಮಸಿ ತೇಯುವ ಕಲ್ಲು, ಜೊತೆಗೆ ಅಚ್ಚಿನ ಚಿತ್ರಗಳು.

ಆ ಅಚ್ಚಿನ ಚಿತ್ರಗಳ ಹತ್ತಿರ ನಿಧಾನವಾಗಿ ನಿಂತು ನೋಡಿ. ಮೂಲ ಚಿತ್ರದ ಬಣ್ಣಗಳನ್ನು ಬೇರೆ ಬೇರೆ ಮಾಡಿ ತೆಳು ಕಾಗದದಲ್ಲಿ ಗೆರೆ ಎಳೆದುಕೊಳ್ಳುತ್ತಾರೆ. ಒಂದೊಂದನ್ನೂ ಪಿಯರ್ ಮರದ ಹಲಗೆಯಲ್ಲಿ ಕೆತ್ತುತ್ತಾರೆ. ಆಮೇಲೆ ನೀರುಬಣ್ಣ ಹಚ್ಚಿ, ಕಾಗದದ ಬೆನ್ನು ಉಜ್ಜಿ, ಒಂದರ ಮೇಲೊಂದು ಒತ್ತುತ್ತಾರೆ. ಚಿತ್ರಕಾರ ಬಳಸುವ ಮಸಿ, ಕಾಗದಗಳೇ ಇಲ್ಲೂ. ಅದಕ್ಕೇ ಬಣ್ಣ ಕಾಗದದೊಳಗೆ ಇಳಿದಿರುತ್ತದೆ, ಮೇಲೆ ಕೂತಿರುವುದಿಲ್ಲ. ಒಂದು ಸೀಗಡಿ ಚಿತ್ರದ ಮುಂದೆ ನಿಂತಾಗ ಅಚ್ಚು ಅಂತ ನನಗೆ ಅನ್ನಿಸಲೇ ಇಲ್ಲ.

ನಾನು ಕೊಂಡದ್ದು ಕಾಗದ. ಮೊದಲು ಒಂದು ಆನ್‌ಲೈನ್ ಅಂಗಡಿಯಿಂದ ‘ರೈಸ್ ಪೇಪರ್’ ತರಿಸಿ ಮೋಸ ಹೋಗಿದ್ದೆ. ಕುಂಚ ತಾಗಿದರೆ ಸಾಕು, ನಾರು ಎದ್ದು ಬರುತ್ತಿತ್ತು. ಆ ಹೆಸರಿನಿಂದ ಕರೆಯುವುದು ಚೀನಿ ಚಿತ್ರಕ್ಕೆ ಬಳಸುವ ಶುವಾನ್ ಕಾಗದವನ್ನು, ಆದರೆ ನಿಜವಾದ ಶುವಾನ್‌ನಲ್ಲಿ ಅಕ್ಕಿ ಇಲ್ಲ. ಆನ್‌ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಒಂದು ಜಾತಿಯ ಮರದ ತೊಗಟೆ, ಭತ್ತದ ಹುಲ್ಲು ಸೇರಿಸಿ ಮಾಡುತ್ತಾರೆ. ಹೋಗುವ ಮುಂಚೆ ಎರಡು ಪದ ಕಲಿತುಕೊಳ್ಳಿ. ಶೆಂಗ್ ಅಂದರೆ ಹಸಿ, ಶು ಅಂದರೆ ಬೆಂದದ್ದು. ಹಸಿ ಕಾಗದದಲ್ಲಿ ಮಸಿ ಹರಡುತ್ತದೆ. ಪಟಿಕ, ಅಂಟು ಬಳಿದ ಬೆಂದ ಕಾಗದದಲ್ಲಿ ಗೆರೆ ಇಟ್ಟಲ್ಲೇ ನಿಲ್ಲುತ್ತದೆ. ಈ ಎರಡು ಪದ ಹೇಳಿದ ಕೂಡಲೇ ಕೌಂಟರಿನ ಹೆಂಗಸು ಎರಡೂ ಹಾಳೆ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದರು.

ಈಗಿನ ಚಿತ್ರಕಾರರು ನನಗೆ ಅರ್ಥವಾಗಿದ್ದು ಈ ಕಾಗದ ಬಳಸಿದ ಮೇಲೆಯೇ. 1983ರಲ್ಲಿ ಚೆಂಗ್ಡುವಿನಲ್ಲಿ ಹುಟ್ಟಿದ ಹಾವ್ ಲಿಯಾಂಗ್ ರೇಷ್ಮೆಯ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳಲ್ಲಿ ಚಿತ್ರ ಬರೆಯುತ್ತಾರೆ. ಶಿಯಾವೊಶಿಯಾಂಗ್ ಅನ್ನುವ ನದಿ ಸೀಮೆಯ ಎಂಟು ನೋಟಗಳು ಸಾಂಗ್ ರಾಜವಂಶದ ಕಾಲದಿಂದ ಬಂದ ಚಿತ್ರವಿಷಯ. ಅದನ್ನೇ ಅವರು ಮತ್ತೆ ಎತ್ತಿಕೊಂಡರು. 2017ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲೂ ಅವರ ಕೆಲಸ ಇತ್ತು. 1974ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಪೆಂಗ್ ವೇ ಶುವಾನ್ ಕಾಗದವನ್ನು ಪದರ ಪದರವಾಗಿ ಅಂಟಿಸಿ ಮನುಷ್ಯನ ಮೈಯ ಆಕಾರ ಮಾಡುತ್ತಾರೆ. ಆ ಮೈಮೇಲೆಯೇ ಚಿತ್ರ ಬರೆಯುತ್ತಾರೆ. ಹಳೇ ಶೈಲಿಗೆ ಒಂದು ಮೊಬೈಲೋ ಕಾರೋ ಸೇರಿಸಿದರೆ ಹೊಸದಾಗುವುದಿಲ್ಲ, ಅಲ್ವಾ? ಇವರು ಕಾಗದ, ರೇಷ್ಮೆಯ ಗುಣವನ್ನು ಹಿಡಿದೇ ಹೊಸ ದಾರಿ ಹುಡುಕಿದ್ದಾರೆ. ನನಗೆ ಇವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ.

ಹೊಸಬರು ನೂರು ಹಾಳೆಯ ಕಟ್ಟು ಕೊಳ್ಳಬೇಡಿ. ಎರಡೂ ಬಗೆಯದು ನಾಲ್ಕೈದು ಹಾಳೆ ಸಾಕು. ಉದ್ದ ಕೊಳವೆ ಒಯ್ಯಿರಿ, ಮಡಿಸಿದರೆ ಮಡಿಕೆಯ ಗುರುತು ಹೋಗುವುದಿಲ್ಲ. ದೊಡ್ಡ ಅಚ್ಚಿನ ಚಿತ್ರಗಳು ನನ್ನ ಸಂಬಳಕ್ಕೆ ನಿಲುಕುವಂಥವಲ್ಲ. ಆದರೆ ಅದರ ಹಿಂದಿನ ಕೈಕೆಲಸ ನೋಡಿದರೆ ಆ ಬೆಲೆ ನ್ಯಾಯವೇ.

ಮನೆಗೆ ಬಂದು ಅಜ್ಜಿಯ ಬೀಸುಕಲ್ಲು ಬರೆಯಲು ಕೂತೆ. ಬೆಂದ ಹಾಳೆಯಲ್ಲಿ ಅಂಚು ಚೆನ್ನಾಗಿ ಬಂತು, ಕಲ್ಲು ಮಾತ್ರ ಹಗುರವಾಗಿ ಕಂಡಿತು. ಹಸಿ ಹಾಳೆಯಲ್ಲಿ ಮೊದಲೆರಡು ಕೆಟ್ಟವು. ಮೂರನೆಯದರಲ್ಲಿ ಮಸಿ ಕೆಳಗೆ ಹರಡಿ, ಕಲ್ಲು ನೀರಿನಲ್ಲಿ ಕೂತ ಹಾಗೆ ಬಂತು. ಅದನ್ನು ಅಮ್ಮನಿಗೆ ಕಳಿಸಿದ್ದೇನೆ.