ವಾರ್ಡಿನ ಕೆಲಸವೋ, ಊರಿನ ಕೆಲಸವೋ?

ಬಿ.ಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ದಾರಿಗಳಿವೆ: ಕಾರವಾರದಂಥ ಕಡೆ ದೊಡ್ಡ ಆಸ್ಪತ್ರೆಯ ವಾರ್ಡು, ಇಲ್ಲವೇ ಶಿರಸಿ, ಸಿದ್ದಾಪುರದ ಕಡೆಯ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ.

ವಾರ್ಡಿನಲ್ಲಿ ಪಾಳಿ ಇರುತ್ತದೆ, ಅನುಮಾನ ಬಂದರೆ ಕೇಳಲು ವೈದ್ಯರು ಹತ್ತಿರದಲ್ಲೇ ಇರುತ್ತಾರೆ. ಕೈ ಪಳಗಲು ಇದೇ ಒಳ್ಳೆಯ ಜಾಗ. ಆದರೆ ರೋಗಿ ಮನೆಗೆ ಹೋದಮೇಲೆ ಮಾತ್ರೆ ನುಂಗಿದರೋ ಬಿಟ್ಟರೋ ತಿಳಿಯುವುದಿಲ್ಲ.

ಉಪಕೇಂದ್ರದಲ್ಲಿ ತಿಳಿಯುವುದೇ ಅದು. ಗುಡ್ಡಗಾಡಿನಲ್ಲಿ ಒಂದು ಉಪಕೇಂದ್ರಕ್ಕೆ 3,000 ಜನ ಎಂಬುದು ಲೆಕ್ಕ; ಬಯಲಿನಲ್ಲಿ 5,000. ಮೂವತ್ತು ದಾಟಿದವರ ಬಿಪಿ, ಸಕ್ಕರೆ ತಪಾಸಣೆ ನಿಮ್ಮ ಪಾಲಿನದು. ಲಸಿಕೆಯ ದಿನ ಎಡವುವುದು ಹೆಚ್ಚಾಗಿ ಮಂಜಿನ ಪ್ಯಾಕಿನಲ್ಲಿ: ಫ್ರೀಜರಿನಿಂದ ತೆಗೆದು ನೇರವಾಗಿ ಕ್ಯಾರಿಯರಿಗೆ (ಲಸಿಕೆ ಒಯ್ಯುವ ಡಬ್ಬಿಗೆ) ಹಾಕಿದರೆ ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಪ್ಯಾಕನ್ನು ಹೊರಗಿಡಿ. ದ್ರಾವಕದಲ್ಲಿ ಕಲಸಿದ ದಡಾರ-ರುಬೆಲ್ಲಾ ಲಸಿಕೆ 4 ಗಂಟೆ ಮೀರಿದರೆ ಚೆಲ್ಲಲೇಬೇಕು, ಮಗು ಬಾಗಿಲಲ್ಲಿ ನಿಂತಿದ್ದರೂ.

ಸಿದ್ದಾಪುರದ ಕಡೆ ಬೇಸಿಗೆಯೆಂದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. ಮಂಗ ಸತ್ತ ಸುದ್ದಿ ಬಂದ ದಿನವೇ ವರದಿ ಮಾಡಬೇಕು. ದರಕು (ಒಣಗಿ ಉದುರಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ತಲುಪಿಸಬೇಕು. ಎಣ್ಣೆ ಬರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳುವುದೂ ಕೆಲಸವೇ. ಬಾಯಿಮಾತಿಗೆ ಬೆಲೆಯಿಲ್ಲ, ಠರಾವಿನಲ್ಲಿ ಬರೆಸಿ.

ತೊಡಕೆಂದರೆ ಹುದ್ದೆ ಗುತ್ತಿಗೆಯದು, ಆ್ಯಪ್‌ಗಳಿಗೆ ಮಾಹಿತಿ ತುಂಬುವುದಕ್ಕೇ ಸಂಜೆ ಕಳೆಯುತ್ತದೆ, ಮಳೆಗಾಲದಲ್ಲಿ ನೆಟ್‌ವರ್ಕೂ ಕೈಕೊಡುತ್ತದೆ. ಒಬ್ಬರೇ ತೀರ್ಮಾನ ತೆಗೆದುಕೊಳ್ಳಲು ಅಂಜುವವರು ಮೊದಲು ಎರಡು ವರ್ಷ ವಾರ್ಡಿನಲ್ಲಿ, ಅದರಲ್ಲೂ ಹೆರಿಗೆ ವಿಭಾಗದಲ್ಲಿ, ದುಡಿದು ಬರುವುದು ಲೇಸು.